ಹೆದ್ದಾರಿ ವಿಸ್ತರಣೆ ಪಾಲಿಕೆ ಸಭೆಗೆ ಬಂದಾಗ: ವರದಿ ಓದುವ, ಲೆಕ್ಕ ತಾಳೆ ನೋಡುವ, ಷರತ್ತು ಬರೆಸುವ ಬಗೆ

ವಾಹನ ದಟ್ಟಣೆ ತಗ್ಗಿಸಲು ಹೆದ್ದಾರಿಯನ್ನು ಇನ್ನಷ್ಟು ಕಿಲೋಮೀಟರ್ ಮುಂದಕ್ಕೆ ಒಯ್ಯಬೇಕು ಎಂಬ ಪ್ರಸ್ತಾವ ಸಭೆಗೆ ಬಂದರೆ ಚರ್ಚೆ ಬೇಗನೆ ಎರಡು ಪಾಳೆಯವಾಗುತ್ತದೆ. ಒಂದು ಕಡೆ ‘ಅಭಿವೃದ್ಧಿ ಬೇಡವೇ?’ ಎನ್ನುವವರು, ಇನ್ನೊಂದು ಕಡೆ ‘ಮರಗಳ ಗತಿ ಏನು?’ ಎನ್ನುವವರು. ಎರಡೂ ಮಾತಿನಲ್ಲಿ ಹುರುಳಿರಬಹುದು. ಆದರೆ ರಸ್ತೆ ಆದ ಮೇಲೆ ದಟ್ಟಣೆ ಇಳಿಯುತ್ತದೆಯೋ ಇಲ್ಲವೋ ಎಂಬುದಕ್ಕೆ ಎರಡರಲ್ಲೂ ಉತ್ತರವಿಲ್ಲ. ಆ ಉತ್ತರ ವರದಿಯ ಕೊನೆಯಲ್ಲಿ, ಯಾರೂ ತೆರೆಯದ ಅನುಬಂಧಗಳಲ್ಲಿ ಕೂತಿರುತ್ತದೆ. ಅದನ್ನು ಹೊರಗೆ ತೆಗೆಯಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕ್ಯಾಲ್ಕುಲೇಟರ್, ಮೊಬೈಲ್ ಗಡಿಯಾರ, ಜೊತೆಗೆ ನಾಲ್ಕೈದು ಜನ ಇದ್ದರೆ ಆದೀತು. ಸದಸ್ಯರಿಗೂ, ಆಕ್ಷೇಪಣೆ ಸಲ್ಲಿಸಲಿರುವ ನಿವಾಸಿಗಳಿಗೂ ಮಾಡಬೇಕಾದ ಕೆಲಸ ಒಂದೇ.

ಮತ ಯಾವುದಕ್ಕೆ?

ಕಾರ್ಯಸೂಚಿಯಲ್ಲಿ ‘ಹೆದ್ದಾರಿ ವಿಸ್ತರಣೆ’ ಎಂದಷ್ಟೇ ಇದ್ದರೆ ಮೂಲ ಠರಾವಿನ ಕರಡು ಕೇಳಿ. ಹೆದ್ದಾರಿ ಬಹುತೇಕ ಕಡೆ ಪಾಲಿಕೆಯ ಆಸ್ತಿಯಲ್ಲ, ಅದರ ಮೇಲಿನ ಸರ್ಕಾರದ ಇಲಾಖೆಯದೋ ಪ್ರಾಧಿಕಾರದ್ದೋ ಆಗಿರುತ್ತದೆ. ಹಾಗಾಗಿ ಪಾಲಿಕೆ ‘ರಸ್ತೆ ಬೇಕೇ ಬೇಡವೇ’ ಎಂದು ತೀರ್ಮಾನಿಸುವುದು ಅಪರೂಪ. ಅದರ ಮುಂದೆ ಬರುವುದು ಬೇರೆ ಥರದ ಚಿಕ್ಕ ನಿರ್ಣಯಗಳು: ಅಧ್ಯಯನಕ್ಕೆ ಒಪ್ಪಿಗೆ, ನಗರ ಯೋಜನೆಯ ನಕ್ಷೆಯಲ್ಲಿ ರಸ್ತೆಯ ಗೆರೆ ಸೇರಿಸುವುದು, ಪಾಲಿಕೆ ಜಾಗ ಬಿಟ್ಟುಕೊಡುವುದು, ನೀರಿನ ಪೈಪು ಮತ್ತು ಒಳಚರಂಡಿ ಸ್ಥಳಾಂತರದ ಖರ್ಚು ಹೊರುವುದು, ಸ್ಥಳೀಯ ರಸ್ತೆಗಳಿಗೆ ಹೆದ್ದಾರಿ ಹತ್ತಿ ಇಳಿಯುವ ರ‍್ಯಾಂಪ್ ಕೂಡಿಸಲು ಅನುಮತಿ ಕೊಡುವುದು.

ಇವುಗಳಲ್ಲಿ ನಕ್ಷೆಯ ಗೆರೆ ಮತ್ತು ರ‍್ಯಾಂಪ್ ಅನುಮತಿ ಎರಡನ್ನೂ ಹಗುರವಾಗಿ ಕಾಣಬೇಡಿ. ಗೆರೆ ಬಿದ್ದ ದಿನದಿಂದ ಆ ಜಾಗದಲ್ಲಿ ಮನೆ ಕಟ್ಟುವವರಿಗೆ ಪರವಾನಗಿ ಕಷ್ಟ, ಸಾಲ ಕಷ್ಟ, ಮಾರಾಟ ಕಷ್ಟ. ರಸ್ತೆ ಇಪ್ಪತ್ತು ವರ್ಷ ಬರದಿದ್ದರೂ ಗೆರೆ ಮಾತ್ರ ಉಳಿಯುತ್ತದೆ. ಇನ್ನು ರ‍್ಯಾಂಪ್ ಎಲ್ಲಿ ಇಳಿಯುತ್ತದೆ ಎಂಬುದೇ ನಿಮ್ಮ ಬೀದಿಗಳ ಹಣೆಬರಹ ಬರೆಯುವುದು.

‘ಇದು ಬರೀ ಅಧ್ಯಯನ, ಒಪ್ಪಿಕೊಂಡರೆ ನಷ್ಟವೇನು’ ಎಂಬ ಮಾತು ಬರುತ್ತದೆ. ಅಧ್ಯಯನಕ್ಕೆ ಒಪ್ಪಬಹುದು, ತಪ್ಪಿಲ್ಲ. ಆದರೆ ಅಧ್ಯಯನದ ಕಾರ್ಯವ್ಯಾಪ್ತಿ ಪತ್ರದಲ್ಲಿ ಒಂದೇ ಆಯ್ಕೆ ಬರೆದಿದ್ದರೆ ವರದಿಯಲ್ಲೂ ಒಂದೇ ಉತ್ತರ ಬರುತ್ತದೆ. ಬದಲಾವಣೆ ಮಾಡಲು ಸುಲಭವಾದ, ಅಗ್ಗವಾದ ಹೊತ್ತು ಅದೇ. ವಿನ್ಯಾಸ ಮುಗಿದು, ಭೂಸ್ವಾಧೀನದ ನೋಟಿಸು ಹೋದ ಮೇಲೆ ‘ಇಷ್ಟು ಖರ್ಚಾಗಿದೆಯಲ್ಲ’ ಎಂಬ ವಾದದ ಮುಂದೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ತರಿಸಿಕೊಳ್ಳಬೇಕಾದ ಕಾಗದ

ಸಾರಾಂಶ ಪುಸ್ತಿಕೆ ಸಾಲದು. ಲಿಖಿತವಾಗಿ ಕೇಳಬೇಕಾದವು ಇವು: ಸಂಚಾರ ಎಣಿಕೆಯ ಮೂಲ ಹಾಳೆಗಳು (ದಿನಾಂಕ, ಗಂಟೆ, ಸ್ಥಳ ಸಮೇತ), ವಾಹನಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆ ಎಂಬ ಸಮೀಕ್ಷೆ, ಮುಂದಿನ ಸಂಚಾರವನ್ನು ಲೆಕ್ಕ ಹಾಕಿದ ಮುನ್ನಂದಾಜು ಮಾದರಿಯ ಟಿಪ್ಪಣಿ, ರಸ್ತೆಯ ಎರಡೂ ತುದಿಯ ಜಂಕ್ಷನ್‌ಗಳ ವಿನ್ಯಾಸ, ವೆಚ್ಚದ ಪಟ್ಟಿ, ಲಾಭ–ವೆಚ್ಚದ ವಿಶ್ಲೇಷಣೆ, ಪರಿಸರ ಪರಿಣಾಮ ವರದಿ. ಲಾಭ–ವೆಚ್ಚದ ಕೋಷ್ಟಕವನ್ನು ಸ್ಪ್ರೆಡ್‌ಶೀಟ್ ರೂಪದಲ್ಲೇ ಕೇಳಿ. ಸ್ಕ್ಯಾನ್ ಮಾಡಿದ ಪುಟದಲ್ಲಿ ಸೂತ್ರಗಳು ಕಾಣುವುದಿಲ್ಲ, ಅಂಕಿ ಬದಲಿಸಿ ನೋಡಲೂ ಆಗುವುದಿಲ್ಲ.

ಪರಿಸರ ವರದಿಯ ಮೊದಲ ಪುಟದಲ್ಲಿ ರಸ್ತೆಯ ಉದ್ದ ನೋಡಿ. 12 ಕಿ.ಮೀ. ಯೋಜನೆಯನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ಪರಿಣಾಮ ‘ಅಲ್ಪ’ ಎಂದು ತೋರಿಸುವುದು ಹಳೆಯ ಉಪಾಯ. ತುಂಡು ಮುಗಿಯುವ ಜಾಗದಲ್ಲಿ ರಸ್ತೆಗೆ ತನ್ನದೇ ಉಪಯೋಗ ಇದೆಯೇ, ಅಥವಾ ಹೊಲದ ನಡುವೆ ನಿಲ್ಲುತ್ತದೆಯೇ ನೋಡಿದರೆ ಸಾಕು, ಗುಟ್ಟು ತಿಳಿಯುತ್ತದೆ.

ಸಾಲಿನ ತಲೆ ಹುಡುಕುವುದು

ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದದ್ದು ಇದು, ಹೆಚ್ಚಾಗಿ ಯಾರೂ ಮಾಡದೆ ಬಿಡುವುದೂ ಇದನ್ನೇ. ಜನ ದೂರುವುದು ತಾವು ನಿಂತ ಜಾಗವನ್ನು, ಅಂದರೆ ವಾಹನ ಸಾಲಿನ ಬಾಲವನ್ನು. ರೋಗ ಇರುವುದು ತಲೆಯಲ್ಲಿ. ಪೀಕ್ ಅವರ್‌ನಲ್ಲಿ ಸಾಲಿನ ಜೊತೆಗೇ ಸಾಗಿ. ಯಾವ ಜಾಗ ದಾಟಿದ ಕೂಡಲೇ ವಾಹನಗಳು ಸರಾಗವಾಗಿ ವೇಗ ಹಿಡಿಯುತ್ತವೋ ಅದರ ತುಸು ಹಿಂದೆ ಅಡಚಣೆ ಇದೆ. ಅದು ಸಿಗ್ನಲ್ ಆಗಿರಬಹುದು, ಮೂರು ಲೇನ್ ಎರಡಾಗುವ ಸೇತುವೆ ಆಗಿರಬಹುದು, ಬಸ್ ನಿಲ್ದಾಣ, ರೈಲ್ವೆ ಗೇಟು, ಶಾಲೆಯ ಬಾಗಿಲು, ಅಥವಾ ರ‍್ಯಾಂಪಿನಿಂದ ಬರುವವರೂ ಇಳಿಯುವವರೂ ಪರಸ್ಪರ ಅಡ್ಡ ಹಾಯುವ 200 ಮೀಟರ್ ಆಗಿರಬಹುದು.

ಪ್ರತಿ 500 ಮೀಟರಿಗೆ ಒಂದು ಗುರುತು ಇಟ್ಟುಕೊಂಡು, ಪಕ್ಕದಲ್ಲಿ ಕೂತವರು ಆಯಾ ಗುರುತು ದಾಟಿದ ಸಮಯ ಬರೆಯಲಿ. ಉಳಿದ ವಾಹನಗಳ ಸರಾಸರಿ ವೇಗದಲ್ಲೇ ಹೋಗಬೇಕು. ನುಗ್ಗುವುದೂ ಬೇಡ, ಹಿಂದುಳಿಯುವುದೂ ಬೇಡ. ಬೇರೆ ಬೇರೆ ದಿನ, ಒಂದೊಂದು ದಿಕ್ಕಿಗೆ ಕನಿಷ್ಠ ಆರು ಸಲ ಮಾಡಿ. ಸರಾಸರಿಯ ಜೊತೆಗೆ ಅತಿ ಕೆಟ್ಟ ದಿನದ ಅಂಕಿಯನ್ನೂ ಇಟ್ಟುಕೊಳ್ಳಿ, ಏಕೆಂದರೆ ಜನ ಮನೆಯಿಂದ ಎಷ್ಟು ಬೇಗ ಹೊರಡಬೇಕು ಎಂದು ಲೆಕ್ಕ ಹಾಕುವುದು ಆ ದಿನವನ್ನು ನೆನೆದೇ.

ತಲೆ ಸಿಕ್ಕಿತೆಂದರೆ ಪ್ರಸ್ತಾವದ ನಕ್ಷೆಯ ಮೇಲೆ ಅದನ್ನು ಗುರುತಿಸಿ. ಈಗ ಕೇಳಬೇಕಾದ್ದು ಒಂದೇ: ಹೊಸ ರಸ್ತೆ ಆ ಜಾಗವನ್ನು ತಪ್ಪಿಸಿ ಹೋಗುತ್ತದೆಯೇ, ಅಥವಾ ಅಲ್ಲಿಗೇ ಇನ್ನಷ್ಟು ವಾಹನ ತಂದು ಸುರಿಯುತ್ತದೆಯೇ? ಅಡಚಣೆಯ ಹಿಂದೆ ಅಗಲ ಮಾಡಿದರೆ ಸಾಲು ನಿಲ್ಲಲು ಜಾಗ ಸಿಕ್ಕಂತಾಯಿತು, ಅಷ್ಟೇ.

ಕೈಲೆಕ್ಕವೊಂದನ್ನು ನೋಡಿ. ಸಿಗ್ನಲ್ ಇಲ್ಲದ, ಅಡ್ಡರಸ್ತೆ ಇಲ್ಲದ ಹೆದ್ದಾರಿಯ ಒಂದು ಲೇನ್ ಗಂಟೆಗೆ 2,000ದಿಂದ 2,400 ಕಾರು ಸಾಗಿಸಬಲ್ಲದು. ಸಿಗ್ನಲ್ ಇರುವ ರಸ್ತೆಯ ಒಂದು ಲೇನ್, ಹಸಿರು ಸತತವಾಗಿ ಉರಿದರೆ, ಸುಮಾರು 1,900. ಆದರೆ ಹಸಿರು ಸತತವಾಗಿ ಉರಿಯುವುದಿಲ್ಲ. ಆ ದಿಕ್ಕಿಗೆ ಶೇ 40ರಷ್ಟು ಸಮಯ ಸಿಕ್ಕರೆ ಲೇನಿಗೆ 760, ಮೂರು ಲೇನಿಗೆ 2,280. ಮೂರು ಲೇನಿನ ಹೊಸ ಹೆದ್ದಾರಿ ಗಂಟೆಗೆ 4,000 ವಾಹನ ತಂದು ಅಲ್ಲಿ ಬಿಟ್ಟರೆ 1,720 ವಾಹನ ಉಳಿದುಹೋಗುತ್ತವೆ. ನಿಂತ ಸಾಲಿನಲ್ಲಿ ಒಂದು ಕಾರಿಗೆ ಸುಮಾರು 7 ಮೀಟರ್ ಬೇಕು. ಮೂರು ಸಾಲಾಗಿ ನಿಂತರೆ ಒಂದೇ ಗಂಟೆಯಲ್ಲಿ 4 ಕಿ.ಮೀ. ಉದ್ದದ ಸಾಲು. ಹೆದ್ದಾರಿಯ ಮೇಲೆ ಎಷ್ಟು ಲೇನ್ ಹಾಕಿದರೂ ಉಳಿದುಹೋಗುವ ವಾಹನಗಳ ಲೆಕ್ಕ ಬದಲಾಗುವುದಿಲ್ಲ, ತುದಿಯ ಜಂಕ್ಷನ್ ಬದಲಾದರೆ ಮಾತ್ರ ಬದಲಾಗುತ್ತದೆ. ತುದಿಯ ಜಂಕ್ಷನ್ ‘ಮುಂದಿನ ಹಂತದಲ್ಲಿ’ ಎಂದು ವರದಿ ಹೇಳಿದರೆ, ಆ ಹಂತದ ಹಣವೂ ಈ ಯೋಜನೆಯ ವೆಚ್ಚಕ್ಕೇ ಸೇರಬೇಕು ಎಂದು ಪಟ್ಟು ಹಿಡಿಯಿರಿ.

ಹೀಗೆ ಒಂದು ಅಡಚಣೆ ಬಿಡಿಸಿದಾಗ ಮುಂದಿನದು ಎದ್ದು ಕಾಣುತ್ತದೆ ಎಂಬುದನ್ನೂ ಮರೆಯಬೇಡಿ. ಇಷ್ಟು ದಿನ ಮೊದಲ ಸಿಗ್ನಲ್ ತಡೆದಿಟ್ಟಿದ್ದ ವಾಹನಗಳು ಈಗ ಒಟ್ಟಿಗೆ ಎರಡನೆಯದಕ್ಕೆ ಹೋಗುತ್ತವೆ. ವರದಿ ಕನಿಷ್ಠ ಎರಡು ಜಂಕ್ಷನ್ ಮುಂದಕ್ಕಾದರೂ ಲೆಕ್ಕ ಹಾಕಿರಬೇಕು. ಅಧ್ಯಯನದ ಗಡಿ ಸರಿಯಾಗಿ ತೊಂದರೆ ಶುರುವಾಗುವ ಜಾಗದಲ್ಲೇ ಮುಗಿದಿದ್ದರೆ ಅದು ಕಾಕತಾಳೀಯ ಇರಲಾರದು.

ಎಣಿಕೆ: ಹಾದುಹೋದದ್ದೂ, ಹಾದುಹೋಗಲು ಬಂದದ್ದೂ

ಎಣಿಕೆಯನ್ನು 15 ನಿಮಿಷದ ಕಂತುಗಳಲ್ಲಿ ಮಾಡಬೇಕು. ಗಂಟೆಯ ಒಟ್ಟು ಮೊತ್ತದಲ್ಲಿ ಏರಿಳಿತ ಮುಚ್ಚಿಹೋಗುತ್ತದೆ. ಒಬ್ಬರು ಒಂದು ದಿಕ್ಕನ್ನಷ್ಟೇ ನೋಡಲಿ. ಎರಡು ಗಂಟೆಗಿಂತ ಹೆಚ್ಚು ಸತತ ಎಣಿಸಿದರೆ ಕಣ್ಣು ಜಾರುತ್ತದೆ, ಆದ್ದರಿಂದ ಪಾಳಿ ಬದಲಿಸಿ. ಮಂಗಳವಾರದಿಂದ ಗುರುವಾರದ ನಡುವಿನ ದಿನಗಳು ಒಳ್ಳೆಯವು. ಶಾಲಾ ರಜೆ, ಹಬ್ಬ, ಜೋರು ಮಳೆ, ಪಕ್ಕದ ರಸ್ತೆಯಲ್ಲಿ ಕಾಮಗಾರಿ ಇದ್ದ ದಿನ ಬಿಟ್ಟುಬಿಡಿ. ವರದಿಯ ಎಣಿಕೆ ನಡೆದ ದಿನಾಂಕಗಳನ್ನೂ ಇದೇ ಕಣ್ಣಿನಿಂದ ನೋಡಿ.

ಬೇರೆ ಬೇರೆ ವಾಹನಗಳನ್ನು ಕಾರಿನ ಲೆಕ್ಕಕ್ಕೆ ಇಳಿಸುವ ಗುಣಕ ಇರುತ್ತದೆ: ಬಸ್ಸು–ಲಾರಿಗೆ ಎರಡು, ಮೂರರ ಆಸುಪಾಸು, ಬೈಕಿಗೆ ಅರ್ಧದಷ್ಟು. ಈ ಗುಣಕ ತುಸು ಬದಲಾದರೂ ಒಟ್ಟು ಬಹಳ ಬದಲಾಗುತ್ತದೆ. ವರದಿಯ ಎಲ್ಲ ಕೋಷ್ಟಕಗಳಲ್ಲೂ ಒಂದೇ ಗುಣಕ ಇದೆಯೇ ಎಂದು ನೋಡಿ. ಇನ್ನೊಂದು ಮಾತು: ಬಸ್ಸನ್ನು ಮೂರು ಕಾರು ಎಂದು ಎಣಿಸುವ ವರದಿ, ಅದರೊಳಗಿನ ಐವತ್ತು ಜನರನ್ನು ಎಲ್ಲಿಯೂ ಎಣಿಸದೆ ಇರಬಹುದು. ವಾಹನದ ಪಕ್ಕದಲ್ಲಿ ಜನರ ಕಾಲಂ ಕೂಡ ಬರೆಸಿ.

ದಟ್ಟಣೆ ಇರುವ ಜಾಗದಲ್ಲಿ ಎಣಿಕೆ ಮೋಸ ಮಾಡುತ್ತದೆ. ಅಲ್ಲಿ ಸಿಗುವುದು ರಸ್ತೆ ಬಿಟ್ಟುಕೊಟ್ಟ ವಾಹನಗಳ ಸಂಖ್ಯೆ, ಬಂದು ಕಾಯುತ್ತಿರುವವುಗಳದ್ದಲ್ಲ. ಸಾಲು ಬೆಳೆದಷ್ಟೂ ಎಣಿಕೆ ಕಡಿಮೆಯಾಗಬಹುದು, ಅದನ್ನು ನೋಡಿ ‘ಸಂಚಾರ ಕಡಿಮೆ’ ಎಂದು ಬರೆದವರೂ ಉಂಟು. ಪರಿಹಾರ ಸುಲಭ: ಪ್ರತಿ ಕಂತಿನ ಶುರುವಿನಲ್ಲೂ ಕೊನೆಯಲ್ಲೂ ಸಾಲಿನಲ್ಲಿ ಎಷ್ಟು ವಾಹನ ನಿಂತಿವೆ ಎಂದು ಎಣಿಸಿ. 15 ನಿಮಿಷದಲ್ಲಿ 300 ವಾಹನ ದಾಟಿ, ಸಾಲು 40ರಿಂದ 90ಕ್ಕೆ ಬೆಳೆದಿದ್ದರೆ ಬಂದದ್ದು 350.

ವಿಸ್ತರಣೆಯನ್ನು ‘ಊರಿನ ಒಳಗೆ ಬಾರದೆ ದಾಟಿಹೋಗುವವರಿಗಾಗಿ’ ಎಂದು ಸಮರ್ಥಿಸಿದರೆ ಅಂಥವರು ಎಷ್ಟು ಜನ ಎಂಬುದನ್ನು ಪರೀಕ್ಷಿಸಿ. ಊರಿನ ಈ ತುದಿಯಲ್ಲೊಬ್ಬರು, ಆ ತುದಿಯಲ್ಲೊಬ್ಬರು ಕೂತು ವಾಹನಗಳ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನು ಧ್ವನಿಮುದ್ರಣ ಮಾಡಿಕೊಳ್ಳಲಿ. ಬರೆಯುವುದಕ್ಕಿಂತ ಹೇಳುವುದು ಬೇಗ. ಎರಡನೆಯವರು, ಊರು ದಾಟಲು ಬೇಕಾಗುವ ಅವಧಿಯಷ್ಟು ತಡವಾಗಿ ಶುರು ಮಾಡಿ ಅಷ್ಟೇ ತಡವಾಗಿ ಮುಗಿಸಬೇಕು. ಮನೆಗೆ ಬಂದು ತಾಳೆ ಹಾಕಿ. 600 ವಾಹನಗಳಲ್ಲಿ 90 ಆ ತುದಿಯಲ್ಲೂ ಸಿಕ್ಕರೆ ದಾಟಿಹೋಗುವವರು ಶೇ 15. ಅಂದ ಮೇಲೆ ಹೊರರಸ್ತೆ ಎಷ್ಟೇ ಚೆನ್ನಾಗಿದ್ದರೂ ಒಳಗಿನ ಭಾರವನ್ನು ಅದಕ್ಕಿಂತ ಹೆಚ್ಚು ಇಳಿಸಲಾರದು. ನಾಲ್ಕು ಅಂಕಿ ಆಕಸ್ಮಿಕವಾಗಿಯೂ ಹೊಂದಬಹುದು. ಆದ್ದರಿಂದ ಅಸಾಧ್ಯವೆನಿಸುವಷ್ಟು ಕಡಿಮೆ ಮತ್ತು ನಂಬಲಾಗದಷ್ಟು ಹೆಚ್ಚು ಅಂತರದಲ್ಲಿ ಬಂದ ಜೋಡಿಗಳನ್ನು ತೆಗೆದುಹಾಕಿ, ತಾಳೆ ಮುಗಿದ ಮೇಲೆ ಸಂಖ್ಯೆಗಳನ್ನು ಅಳಿಸಿಬಿಡಿ.

ಮುನ್ನಂದಾಜಿನೊಳಗೆ ಕೈ ಹಾಕುವುದು

ಇಪ್ಪತ್ತು ವರ್ಷದ ನಂತರದ ಸಂಚಾರವನ್ನು ಬೆಳವಣಿಗೆ ದರ ಒಂದೇ ತೀರ್ಮಾನಿಸಿಬಿಡುತ್ತದೆ. ದಿನಕ್ಕೆ 40,000 ವಾಹನ ವರ್ಷಕ್ಕೆ ಶೇ 2ರಂತೆ ಬೆಳೆದರೆ ಇಪ್ಪತ್ತು ವರ್ಷಕ್ಕೆ ಸುಮಾರು 59,000, ಶೇ 5ರಂತೆ ಬೆಳೆದರೆ 1,06,000. ಹಳೆಯ ಎಣಿಕೆಗಳನ್ನು ಹುಡುಕಿ ಕಳೆದ ಹತ್ತು ವರ್ಷದಲ್ಲಿ ಅದೇ ಜಾಗದಲ್ಲಿ ನಿಜಕ್ಕೂ ಎಷ್ಟು ಬೆಳೆದಿದೆ ನೋಡಿ. ಊರಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಬೆಳೆದ ದರವನ್ನೇ ರಸ್ತೆಯ ಸಂಚಾರಕ್ಕೂ ಹಾಕುವುದು ಸಾಮಾನ್ಯ ತಪ್ಪು. ಮನೆಯಲ್ಲಿ ಎರಡನೆಯ ಕಾರು ಬಂದ ಮಾತ್ರಕ್ಕೆ ಓಡಾಟ ಇಮ್ಮಡಿಯಾಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ‘ಏನೂ ಮಾಡದಿದ್ದರೆ’ ಎಂಬ ಕಾಲಂ. ವಿಸ್ತರಣೆಯ ಲಾಭವೆಂದು ತೋರಿಸುವುದು ‘ಮಾಡಿದರೆ’ ಮತ್ತು ‘ಮಾಡದಿದ್ದರೆ’ ನಡುವಿನ ವ್ಯತ್ಯಾಸವನ್ನು. ಹಾಗಾಗಿ ಮಾಡದ ಚಿತ್ರ ಎಷ್ಟು ಭಯಾನಕವಾದರೆ ಯೋಜನೆ ಅಷ್ಟು ಚೆಂದ ಕಾಣುತ್ತದೆ. ಆ ಕಾಲಂನಲ್ಲಿ ಸಂಚಾರ ಮತ್ತು ಸಾಮರ್ಥ್ಯದ ಅನುಪಾತ ಹುಡುಕಿ. ಅದು 1.3, 1.5 ಎಂದಿದ್ದರೆ ನೂರು ವಾಹನ ಹಿಡಿಸುವ ರಸ್ತೆಯಲ್ಲಿ ನೂರೈವತ್ತು ಸಾಗುತ್ತಿವೆ ಎಂದು ಮಾದರಿ ಹೇಳುತ್ತಿದೆ. ಅದು ಆಗದ ಮಾತು. ರಸ್ತೆ ತುಂಬಿದಾಗ ನಿಜವಾಗಿ ನಡೆಯುವುದು ಬೇರೆ: ಕೆಲವರು ಬೇಗ ಹೊರಡುತ್ತಾರೆ, ಕೆಲವರು ಬೇರೆ ದಾರಿ ಹಿಡಿಯುತ್ತಾರೆ, ಕೆಲವರು ಬಸ್ಸು ಹತ್ತುತ್ತಾರೆ, ಕೆಲವು ಓಡಾಟ ನಿಂತೇ ಹೋಗುತ್ತದೆ. ಮಾದರಿಯಲ್ಲಿ ಒಟ್ಟು ಓಡಾಟವನ್ನು ಎರಡೂ ಕಾಲಂಗೆ ಒಂದೇ ಎಂದು ಕಟ್ಟಿಹಾಕಿದ್ದರೆ ಇದಾವುದೂ ಅದರಲ್ಲಿ ಬರುವುದಿಲ್ಲ. ಸಲಹಾ ಸಂಸ್ಥೆಯವರಿಗೆ ಕೇಳಬೇಕಾದ ಪ್ರಶ್ನೆ ಇಷ್ಟೇ: ‘ಎರಡೂ ಚಿತ್ರಗಳಲ್ಲಿ ಒಟ್ಟು ಓಡಾಟದ ಸಂಖ್ಯೆ ಒಂದೇ ಇದೆಯೇ?’ ಹೌದು ಎಂದರೆ ಹೊಸ ರಸ್ತೆ ಹುಟ್ಟಿಸುವ ಹೊಸ ಸಂಚಾರವನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಈ ಹೊಸ ಸಂಚಾರ ಊಹೆಯಲ್ಲ. ಪೀಕ್ ಅವರ್‌ನ ಹೆದ್ದಾರಿ ಮತ್ತೆ ತುಂಬಿಕೊಳ್ಳುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದರು. ರಸ್ತೆಗಳು ಹೊಸ ಸಂಚಾರ ಹುಟ್ಟಿಸುತ್ತವೆ ಎಂದು ಬ್ರಿಟಿಷ್ ಸರ್ಕಾರವೇ ನೇಮಿಸಿದ್ದ ಸಲಹಾ ಸಮಿತಿ 1994ರಲ್ಲಿ ಒಪ್ಪಿತು. ಅಮೆರಿಕದ ಮಹಾನಗರಗಳ ಅಂತರರಾಜ್ಯ ಹೆದ್ದಾರಿಗಳ ಅಂಕಿ ಹಿಡಿದು ಗಿಲ್ಸ್ ಡುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೇನ್ ಉದ್ದ ಶೇ 1 ಹೆಚ್ಚಿದರೆ ವಾಹನಗಳು ಓಡುವ ದೂರವೂ ಹೆಚ್ಚುಕಡಿಮೆ ಶೇ 1 ಹೆಚ್ಚಿತ್ತು. ಹೂಸ್ಟನ್ನಿನ ಕೇಟಿ ಫ್ರೀವೇಯನ್ನು ಹಿಗ್ಗಿಸುವ ಕೆಲಸ 2008ರಲ್ಲಿ ಮುಗಿಯಿತು. ಸರ್ವೀಸ್ ರಸ್ತೆಗಳೂ ಸೇರಿ ಕೆಲವೆಡೆ 26 ಲೇನ್ ಅಗಲ. ಹತ್ತು ವರ್ಷ ಕಳೆಯುವ ಮೊದಲೇ ಪೀಕ್ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಗಿತ್ತು. ಈ ಉದಾಹರಣೆ ಸಭೆಯಲ್ಲಿ ಬಳಸುವುದಾದರೆ ಆ ಪ್ರದೇಶದ ಜನಸಂಖ್ಯೆ ಅದೇ ಕಾಲದಲ್ಲಿ ವೇಗವಾಗಿ ಬೆಳೆಯುತ್ತಿತ್ತು ಎಂಬುದನ್ನೂ ನೀವೇ ಹೇಳಿಬಿಡಿ. ಎದುರಿನವರು ಹೇಳಿದರೆ ನಿಮ್ಮ ಮಾತಿನ ತೂಕ ಹೋಗುತ್ತದೆ.

ಹಾಗೆಂದು ಪ್ರತಿ ರಸ್ತೆಯೂ ವ್ಯರ್ಥ ಎಂದಲ್ಲ. ಹೊಸ ಸಂಚಾರ ಎಂದರೆ ಹೊಸ ಓಡಾಟ; ಅದರಿಂದ ಯಾರಿಗೋ ಉಪಯೋಗವಿದೆ. ‘ದಟ್ಟಣೆ ಇಳಿಯುತ್ತದೆ’ ಎಂಬ ಭರವಸೆಗೆ ಮಾತ್ರ ಅದು ಹೊಂದುವುದಿಲ್ಲ. ದಾಟಿಹೋಗುವ ಲಾರಿಗಳ ಪಾಲು ನಿಜಕ್ಕೂ ದೊಡ್ಡದಿದ್ದರೆ, ಎರಡು ಹೆದ್ದಾರಿಗಳ ನಡುವೆ ಚಿಕ್ಕ ಕೊಂಡಿಯೊಂದು ಕಳಚಿದ್ದರೆ, ನದಿಗೆ ಒಂದೇ ಸೇತುವೆ ಇದ್ದರೆ, ಬಂದರಿಗೆ ಹೋಗುವ ದಾರಿ ವಸತಿ ಬೀದಿಯ ನಡುವೆ ಹಾದಿದ್ದರೆ, ವಿಸ್ತರಣೆಯ ಪರ ಮತ ಹಾಕಲು ಒಳ್ಳೆಯ ಕಾರಣವಿದೆ.

ಹಣ

ಲಾಭದ ಬಹುಪಾಲು ‘ಉಳಿದ ಸಮಯ’ ಎಂಬ ಸಾಲಿನಲ್ಲಿರುತ್ತದೆ. ದಿನಕ್ಕೆ 60,000 ವಾಹನ, ಒಂದರಲ್ಲಿ ಒಂದೂವರೆ ಜನ, ತಲೆಗೆ 2 ನಿಮಿಷ ಉಳಿತಾಯ ಎಂದರೆ ದಿನಕ್ಕೆ 3,000 ಗಂಟೆ, 300 ದಿನಕ್ಕೆ 9 ಲಕ್ಷ ಗಂಟೆ. ದೊಡ್ಡ ಸಂಖ್ಯೆ. ಆದರೆ ಅದರ ಬುಡದಲ್ಲಿರುವುದು 2 ನಿಮಿಷ. ನಿಮ್ಮ ಆರು ಸುತ್ತಿನ ಅಳತೆಯಲ್ಲಿ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಇರುವ ಅಂತರವೇ ಅದಕ್ಕಿಂತ ಹೆಚ್ಚಿದ್ದರೆ, ಆ 2 ನಿಮಿಷ ಯಾರ ಅನುಭವಕ್ಕೂ ಬರುವುದಿಲ್ಲ.

ಮುಂದಿನ ಲಾಭವನ್ನು ಇಂದಿನ ಬೆಲೆಗೆ ಇಳಿಸುವ ವಟಾವಣಿ ದರವನ್ನು ನೋಡಿ. ಇಪ್ಪತ್ತನೆಯ ವರ್ಷದ 100ರ ಲಾಭಕ್ಕೆ ಶೇ 4ರ ದರದಲ್ಲಿ ಇಂದು 46ರಷ್ಟು ಬೆಲೆ, ಶೇ 8ರಲ್ಲಿ 21, ಶೇ 12ರಲ್ಲಿ 10. ಇಲಾಖೆಯ ಬೇರೆ ಯೋಜನೆಗಳಿಗೆ ಯಾವ ದರ ಹಾಕಿದ್ದಾರೋ ಇದಕ್ಕೂ ಅದೇ ಇರಬೇಕು.

ಆಮೇಲೆ ಸ್ಪ್ರೆಡ್‌ಶೀಟ್ ತೆರೆದು ಎರಡೇ ಕೋಶ ಬದಲಿಸಿ. ಬೆಂಟ್ ಫ್ಲೂವ್‌ಬ್ಯರ್ಗ್ ಮತ್ತು ಜೊತೆಗಾರರು 258 ಸಾರಿಗೆ ಯೋಜನೆಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಸ್ತೆಗಳ ವೆಚ್ಚ ಅಂದಾಜಿಗಿಂತ ಸರಾಸರಿ ಶೇ 20 ಮೀರಿತ್ತು. ಮುಂದಿನ ಅಧ್ಯಯನವೊಂದರಲ್ಲಿ, ರಸ್ತೆ ಯೋಜನೆಗಳಲ್ಲಿ ಅರ್ಧದಷ್ಟಕ್ಕೆ ಸಂಚಾರದ ಮುನ್ನಂದಾಜು ಶೇ 20ಕ್ಕಿಂತ ಹೆಚ್ಚು ತಪ್ಪಿತ್ತು. ಆದ್ದರಿಂದ ವೆಚ್ಚಕ್ಕೆ ಶೇ 20 ಕೂಡಿಸಿ, ಲಾಭದಿಂದ ಶೇ 20 ಕಳೆಯಿರಿ. 1.4 ಇದ್ದ ಲಾಭ–ವೆಚ್ಚದ ಅನುಪಾತ 0.93ಕ್ಕೆ ಇಳಿಯುತ್ತದೆ, ಅಂದರೆ ಹಾಕಿದಷ್ಟೂ ಹಿಂದೆ ಬರುವುದಿಲ್ಲ. 2.5 ಇದ್ದದ್ದು 1.67 ಆಗಿ ನಿಲ್ಲುತ್ತದೆ. ಪರೀಕ್ಷೆಯಲ್ಲಿ ಉಳಿಯುವ ಯೋಜನೆಗೂ ಉರುಳುವ ಯೋಜನೆಗೂ ವ್ಯತ್ಯಾಸ ಇಷ್ಟರಲ್ಲೇ ತಿಳಿಯುತ್ತದೆ.

ಬಿಟ್ಟುಹೋಗಿರುವ ಖರ್ಚುಗಳನ್ನೂ ಹುಡುಕಬೇಕು: ಪೈಪು, ಕೇಬಲ್ ಸ್ಥಳಾಂತರ; ತುದಿಯ ಜಂಕ್ಷನ್; ಕಾಮಗಾರಿ ನಡೆಯುವಾಗ ಬದಲಿ ದಾರಿಯಲ್ಲಿ ಜನ ಕಳೆಯುವ ಸಮಯ; ದೀಪ ಮತ್ತು ಚರಂಡಿಯ ನಿರ್ವಹಣೆ; ಮೇಲಿನ ಡಾಂಬರು ಪದರವನ್ನು ಮತ್ತೆ ಮತ್ತೆ ಹಾಕುವುದು. ಕೊನೆಯದು ಲಾರಿಗಳ ಭಾರವನ್ನು ಅವಲಂಬಿಸಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಶುರುವಾದ ರಸ್ತೆ ಪ್ರಯೋಗದಿಂದ ಬಂದ ನಿಯಮದ ಪ್ರಕಾರ, ಆಕ್ಸಲ್ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಸುಮಾರು 16 ಪಟ್ಟು. ಕಾರುಗಳಿಗೆಂದು ಲೆಕ್ಕ ಹಾಕಿದ ರಸ್ತೆಗೆ ಹೆಚ್ಚುವರಿ ಭಾರದ ಲಾರಿಗಳು ಬಂದರೆ ನಿರ್ವಹಣೆಯ ಸಾಲು ಸುಳ್ಳಾಗುತ್ತದೆ. ಸರ್ವೀಸ್ ರಸ್ತೆಯ ನಿರ್ವಹಣೆ ಯಾರದು ಎಂದು ಬರೆದಿರದಿದ್ದರೆ ಅದು ಪಾಲಿಕೆಯ ಕೊರಳಿಗೇ ಬೀಳುತ್ತದೆ.

ಪಕ್ಕದಲ್ಲಿ ಬದುಕುವವರು

ಸಂಚಾರ ಇಮ್ಮಡಿಯಾದರೆ ಸದ್ದು 3 ಡೆಸಿಬಲ್ ಏರುತ್ತದೆ. ತಡೆಗೋಡೆ ಕೆಲಸ ಮಾಡುವುದು ಮನೆಯ ಕಿಟಕಿಯಿಂದ ರಸ್ತೆ ಕಾಣದಂತೆ ಮರೆ ಮಾಡಿದರೆ ಮಾತ್ರ. ಎರಡನೆಯ ಮಹಡಿಯವರಿಗೆ ಗಿಡ್ಡ ಗೋಡೆ ಇದ್ದೂ ಇಲ್ಲದಂತೆ. ಹೊಗೆಯ ಸಾಂದ್ರತೆ ರಸ್ತೆಯಿಂದ 150–300 ಮೀಟರ್ ಒಳಗೆ ಎಲ್ಲಕ್ಕಿಂತ ಹೆಚ್ಚು, ಆದ್ದರಿಂದ ಆ ಪಟ್ಟಿಯೊಳಗಿನ ಶಾಲೆ, ಆಸ್ಪತ್ರೆಗಳನ್ನು ನಕ್ಷೆಯಲ್ಲಿ ಗುರುತು ಹಾಕಿ ಸಭೆಯ ಮುಂದಿಡಿ.

ದಾಟುದಾರಿಗಳ ಅಂತರ ಅಳೆಯಿರಿ. ಕೆಳಸೇತುವೆ 800 ಮೀಟರ್ ದೂರದಲ್ಲಿದ್ದರೆ ಎದುರಿನ ಅಂಗಡಿಗೆ ಹೋಗಲು 1.6 ಕಿ.ಮೀ. ನಡೆಯಬೇಕು. ಯಾರೂ ನಡೆಯುವುದಿಲ್ಲ, ಬೇಲಿ ಮುರಿದು ವೇಗದ ವಾಹನಗಳ ನಡುವೆ ದಾಟುತ್ತಾರೆ. ಇದನ್ನು ಜನರ ಅಶಿಸ್ತು ಎಂದು ಬರೆಯುವ ವರದಿಗಳಿವೆ. ಅದು ವಿನ್ಯಾಸದ ದೋಷ.

ಮಳೆನೀರಿನ ಲೆಕ್ಕವನ್ನು ನೀವೇ ಹಾಕಬಹುದು. 6 ಕಿ.ಮೀ. ಉದ್ದ, 30 ಮೀಟರ್ ಅಗಲದ ಡಾಂಬರಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ 90 ಲಕ್ಷ ಲೀಟರ್ ನೀರು. ಅದು ಯಾವ ಚರಂಡಿಗೆ, ಯಾವ ಕೆರೆಗೆ ಹೋಗುತ್ತದೆ? ರಸ್ತೆಯ ದಿಬ್ಬ ಈಗಿನ ನೀರಿನ ಹರಿವಿಗೆ ಅಡ್ಡ ಬಂದರೆ ಮೋರಿಗಳ ಅಗಲವನ್ನು ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆಗೆಂದು ಇಟ್ಟಿದ್ದಾರೆ?

ಪರ್ಯಾಯ ಕಾಲಂ ಖಾಲಿ ಬಿಡಬೇಡಿ

ಪರ್ಯಾಯಗಳ ಅಧ್ಯಾಯದಲ್ಲಿ ಎಡಭಾಗದ ಗೆರೆ, ಬಲಭಾಗದ ಗೆರೆ ಎಂದು ಒಂದೇ ರಸ್ತೆಯ ಎರಡು ರೂಪ ಇರುವುದು ವಾಡಿಕೆ. ಬೇರೆ ಪರಿಹಾರಗಳನ್ನೂ ಅದೇ ಸೂತ್ರದಲ್ಲಿ ತೂಗಲು ಕೇಳಿ: ಸಾಲಿನ ತಲೆಯಲ್ಲಿರುವ ಸಿಗ್ನಲ್ ಸಮಯ ಬದಲಿಸುವುದು, ತಿರುವಿಗೆ ಪ್ರತ್ಯೇಕ ಲೇನ್, ನಿಲುಗಡೆ ತೆರವು, ಬಸ್ ಲೇನ್. 60 ಬಸ್, ಒಂದೊಂದರಲ್ಲಿ 50 ಜನ ಎಂದರೆ ಗಂಟೆಗೆ 3,000 ಮಂದಿ. ಮೇಲೆ ಹೇಳಿದ ಸಿಗ್ನಲ್ ರಸ್ತೆಯಲ್ಲಿ 760 ಕಾರಿನ ಲೇನ್, ಕಾರಿಗೆ ಒಂದೂವರೆ ಜನರಂತೆ ಸಾಗಿಸುವುದು 1,140 ಮಂದಿಯನ್ನು.

ರಸ್ತೆ ತುಂಬಿ ತುಳುಕುವ ಹೊತ್ತಿನಲ್ಲಿ ಎಲ್ಲರನ್ನೂ ತೆಗೆಯಬೇಕಿಲ್ಲ. ಸ್ಟಾಕ್‌ಹೋಮ್ 2006ರಲ್ಲಿ ದಟ್ಟಣೆ ಶುಲ್ಕವನ್ನು ಪ್ರಾಯೋಗಿಕವಾಗಿ ತಂದಾಗ ಶುಲ್ಕ ವಲಯದ ಗಡಿ ದಾಟುವ ವಾಹನ ಇಳಿದದ್ದು ಶೇ 20ರಷ್ಟು, ಆದರೆ ಕಾಯುವ ಸಮಯ ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಇಳಿಯಿತು. 2007ರಲ್ಲಿ ಅದನ್ನು ಕಾಯಂ ಮಾಡಿದರು. ನಿಮ್ಮ ಊರಿಗೆ ಶುಲ್ಕವೇ ಬೇಕೆಂದಲ್ಲ. ಎಷ್ಟು ಇಳಿದರೆ ಸಾಕು ಎಂಬ ಅಳತೆಗೆ ಈ ಅಂಕಿ ಉಪಯೋಗ.

ಸಭೆಯಲ್ಲಿ

ಸಾರ್ವಜನಿಕರಿಗೆ ಸಿಗುವುದು ಸಾಮಾನ್ಯವಾಗಿ ಮೂರು ನಿಮಿಷದ ಆಸುಪಾಸು, ಅಂದರೆ ಸುಮಾರು 300 ಪದ. ಅದರಲ್ಲಿ ಒಂದು ಅಂಕಿ, ಒಂದು ಪ್ರಶ್ನೆ, ಒಂದು ಬೇಡಿಕೆ ಮಾತ್ರ ಹಿಡಿಯುತ್ತದೆ. ಐದು ಜನ ಮಾತನಾಡುವುದಿದ್ದರೆ ಐದು ಬೇರೆ ವಿಷಯ ಹಂಚಿಕೊಳ್ಳಿ. ಒಂದೇ ಮಾತನ್ನು ಐದು ಸಲ ಕೇಳಿದ ಸದಸ್ಯರು ಮೊಬೈಲ್ ನೋಡಲು ಶುರು ಮಾಡುತ್ತಾರೆ. ಮಾತಿನ ಲಿಖಿತ ಪ್ರತಿಯನ್ನು ಕಾರ್ಯದರ್ಶಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂಬ ಒಂದೇ ಪದವಾಗಿ ಅದು ಕರಗಿಹೋಗಬಾರದು. ಎಂಜಿನಿಯರರ ನಿಯತ್ತನ್ನು ಪ್ರಶ್ನಿಸಬೇಡಿ, ಅವರ ಕೋಷ್ಟಕದ ಪುಟಸಂಖ್ಯೆ ಹೇಳಿ ಅಂಕಿಯನ್ನು ಪ್ರಶ್ನಿಸಿ. ಉತ್ತರ ಕೊಡುವ ಹೊಣೆ ಆಗ ಅವರದಾಗುತ್ತದೆ.

ಸದಸ್ಯರಿಗೆ ಇನ್ನೊಂದು ಸಾಧನವಿದೆ: ತಿದ್ದುಪಡಿ. ಬಹುಮತ ವಿಸ್ತರಣೆಯ ಪರ ಇದೆ ಎಂದು ಗೊತ್ತಿದ್ದರೆ ವಿರೋಧದ ಮತಕ್ಕಿಂತ ಚೆನ್ನಾಗಿ ಬರೆದ ಷರತ್ತೇ ಹೆಚ್ಚು ಕೆಲಸ ಮಾಡುತ್ತದೆ. ‘ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು’ ಎಂಬಂಥ ಷರತ್ತಿಗೆ ಬೆಲೆಯಿಲ್ಲ. ಯಾರು, ಏನು, ಯಾವಾಗ, ಮಾಡದಿದ್ದರೆ ಏನು ಎಂಬ ನಾಲ್ಕೂ ಅದರಲ್ಲಿರಲಿ. ಉದಾಹರಣೆಗೆ: ‘ತುದಿಯ ಜಂಕ್ಷನ್ ಕಾಮಗಾರಿಗೆ ಹಣ ಮಂಜೂರಾಗಿ ಗುತ್ತಿಗೆ ನೀಡುವವರೆಗೆ ಪಾಲಿಕೆಯ ಜಾಗ ಹಸ್ತಾಂತರಿಸತಕ್ಕದ್ದಲ್ಲ.’

ಬರೆಸಲೇಬೇಕಾದ ಷರತ್ತುಗಳಲ್ಲಿ ಮೊದಲನೆಯದು ಹಳೆಯ ರಸ್ತೆಯದು. ಹೊಸ ರಸ್ತೆ ತೆರೆದ ಮೊದಲ ವಾರಗಳಲ್ಲಿ ಹಳೆಯದು ಖಾಲಿಯಾಗುತ್ತದೆ, ಆ ಜಾಗ ಬಹಳ ದಿನ ಖಾಲಿ ಉಳಿಯುವುದಿಲ್ಲ. ಅಲ್ಲಿ ಬಸ್ ಲೇನ್, ಅಗಲ ಫುಟ್‌ಪಾತ್, ದಾಟುದಾರಿ ಮಾಡುವುದಿದ್ದರೆ ವಿನ್ಯಾಸ ಮತ್ತು ಹಣ ಮೊದಲೇ ಸಿದ್ಧವಿದ್ದು, ಉದ್ಘಾಟನೆಯ ದಿನವೇ ಕೆಲಸ ಶುರುವಾಗಬೇಕು. ಎರಡನೆಯದು ಹೊಸ ರಸ್ತೆಯ ಅಂಚು. ಅಲ್ಲಿ ಅಂಗಡಿ, ಪೆಟ್ರೋಲ್ ಬಂಕ್, ಬಡಾವಣೆಗಳಿಗೆ ನೇರ ಪ್ರವೇಶ ಕೊಡುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಹೆದ್ದಾರಿ ಇನ್ನೊಂದು ಪೇಟೆ ಬೀದಿಯಾಗಿ, ಅದನ್ನು ತಪ್ಪಿಸಲು ಮತ್ತೊಂದು ವಿಸ್ತರಣೆಯ ಪ್ರಸ್ತಾವ ಬರುತ್ತದೆ. ಪ್ರವೇಶಗಳ ಸಂಖ್ಯೆಯನ್ನೂ ಸ್ಥಳವನ್ನೂ ನಕ್ಷೆ ಸಮೇತ ಠರಾವಿಗೆ ಅಂಟಿಸಿ.

ಕೊನೆಯದಾಗಿ, ತೆರೆದ ಮೇಲಿನ ಎಣಿಕೆ. ಇಂಗ್ಲೆಂಡಿನಲ್ಲಿ ದೊಡ್ಡ ಹೆದ್ದಾರಿ ಯೋಜನೆಗಳನ್ನು ತೆರೆದ ಒಂದು ವರ್ಷಕ್ಕೂ ಐದು ವರ್ಷಕ್ಕೂ ಮೌಲ್ಯಮಾಪನ ಮಾಡುವ ಪದ್ಧತಿಯಿದೆ. ಅದೇ ಅವಧಿಯನ್ನು ಇಲ್ಲಿಯೂ ಬರೆಸಬಹುದು. ಈಗ ಎಣಿಸಿದ ಜಾಗಗಳಲ್ಲೇ, ಅದೇ ತಿಂಗಳಲ್ಲಿ, ಅದೇ 15 ನಿಮಿಷದ ಕಂತುಗಳಲ್ಲಿ, ಸಾಲಿನ ಉದ್ದವನ್ನೂ ಸೇರಿಸಿ ಎಣಿಸಬೇಕು. ಫಲಿತಾಂಶವನ್ನು ವರದಿಯ ಮುನ್ನಂದಾಜಿನ ಪಕ್ಕದ ಕಾಲಂನಲ್ಲಿ ಹಾಕಿ ಸಭೆಯ ಮುಂದಿಡಬೇಕು. ಇದರ ಖರ್ಚನ್ನು ಯೋಜನಾ ವೆಚ್ಚದಿಂದಲೇ ಎತ್ತಿ ಪ್ರತ್ಯೇಕ ಖಾತೆಯಲ್ಲಿಡಲು ಹೇಳಿ, ಇಲ್ಲದಿದ್ದರೆ ಐದನೆಯ ವರ್ಷ ‘ಅನುದಾನವಿಲ್ಲ’ ಎಂಬ ಉತ್ತರ ಬರುತ್ತದೆ. ಈಗಿನ ಮೂಲ ಹಾಳೆಗಳ ಒಂದು ಪ್ರತಿ ಪಾಲಿಕೆಯ ದಾಖಲೆ ಕೋಣೆಯಲ್ಲಿರಲಿ, ಇನ್ನೊಂದು ನಿಮ್ಮ ಬಳಿ.